ಗಾಳಿಗೆ ಬಾಗುವ ಕಂಬ

ಮುಲ್ಲಾಮಾರಿ ನದಿಯ ಒಂದು ದಡಕ್ಕೆ ಚಿಂಚೋಳಿ, ಇನ್ನೊಂದು ದಡಕ್ಕೆ ಚಂದಾಪುರ. ಆಷಾಢ ಬಂತೆಂದರೆ ಈ ಜೋಡಿ ಊರುಗಳ ಮೇಲೆ ಪಡುವಣ ಗಾಳಿ ಹಗಲಿರುಳು ಬೀಸುತ್ತದೆ. ಅರಬ್ಬಿ ಸಮುದ್ರದಿಂದೆದ್ದು, ಸಹ್ಯಾದ್ರಿಯನ್ನು ಏರಿ, ಹೊತ್ತು ತಂದ ಮಳೆಯ ಬಹುಪಾಲನ್ನು ಅಲ್ಲಿಯೇ ಇಳಿಸಿ, ಹಗುರಾಗಿ ಬಯಲುಸೀಮೆಗೆ ಬಂದ ಗಾಳಿಯದು. ತೊಗರಿಯ ಎಳೆಯ ಪೈರನ್ನು ಅಲುಗಿಸಿ, ಮಾಳಿಗೆಯ ಮೇಲೆ ಒಣಹಾಕಿದ ಸೀರೆಗಳನ್ನು ಸೆಳೆದಾಡಿ, ಅದು ಪೂರ್ವಕ್ಕೆ ಹೊರಟುಹೋಗುತ್ತದೆ. ಎಲ್ಲಿಗೆ ಹೋಯಿತೆಂದು ವಿಚಾರಿಸುವವರು ವಿರಳ.

ಭೂಪಟವನ್ನು ಬಿಡಿಸಿ, ಚಂದಾಪುರದ ಮೇಲೆ ಅಳತೆಪಟ್ಟಿಯನ್ನಿಟ್ಟು ನೇರ ಪೂರ್ವಕ್ಕೆ ಗೆರೆ ಎಳೆದರೆ ಒಂದು ಸೋಜಿಗ ಕಾಣುತ್ತದೆ. ಸುಮಾರು 110 ಕಿಲೊಮೀಟರಿನ ಆಚೆ ಆ ಗೆರೆ ಹೆಚ್ಚುಕಡಿಮೆ ಹೈದರಾಬಾದಿನ ಹುಸೇನ್ ಸಾಗರವನ್ನು ಮುಟ್ಟುತ್ತದೆ. ಗಂಟೆಗೆ 30 ಕಿಲೊಮೀಟರು ವೇಗದ ಗಾಳಿ ಬೆಳಿಗ್ಗೆ ಎಂಟಕ್ಕೆ ಚಂದಾಪುರವನ್ನು ದಾಟಿದರೆ ಮಧ್ಯಾಹ್ನದ ಊಟದ ಹೊತ್ತಿಗೆ ಆ ಕೆರೆಯ ಮೇಲಿರುತ್ತದೆ. 1956ರ ನವೆಂಬರ್ 1ರವರೆಗೆ ಈ ಸೀಮೆಯೆಲ್ಲ ಹೈದರಾಬಾದ್ ಸಂಸ್ಥಾನಕ್ಕೇ ಸೇರಿತ್ತು. ರಾಜ್ಯದ ಗಡಿ ಬದಲಾದದ್ದು ಗಾಳಿಗೆ ತಿಳಿದಂತಿಲ್ಲ.

ಆ ಗಾಳಿಗಾಗಿ ಅಲ್ಲಿ ಕಾದು ಕುಳಿತಿರುವ ಜನವುಂಟು. ಕುತುಬ್ ಶಾಹಿಗಳು ಹದಿನಾರನೆಯ ಶತಮಾನದಲ್ಲಿ ಕಟ್ಟಿಸಿದ ಆ ಕೆರೆಯಲ್ಲಿ ‘ಹೈದರಾಬಾದ್ ಸೇಲಿಂಗ್ ವೀಕ್’ ಎಂಬ ಹಾಯಿದೋಣಿಗಳ ಪಂದ್ಯಾವಳಿ ನಡೆಯುವ ರೂಢಿಯಿದೆ. ಅದರ ಹೊಣೆ ಸೈನ್ಯದ ಇ.ಎಂ.ಇ. ಹಾಯಿದೋಣಿ ಸಂಸ್ಥೆಯದು. ಪಂದ್ಯದ ಕಾಲ ಜುಲೈ, ಆಗಸ್ಟ್ ಸುಮಾರು. ಮಳೆಯಲ್ಲಿ ನೆನೆದು, ಕೆಸರಿನಲ್ಲಿ ದೋಣಿ ಎಳೆದು ಪಡಬಾರದ ಪಾಡು ಪಡುವುದೇಕೆ, ಚಳಿಗಾಲದ ಒಳ್ಳೆಯ ಬಿಸಿಲಿನಲ್ಲಿ ಇಟ್ಟುಕೊಳ್ಳಬಾರದೇ ಎಂದು ಯಾರಿಗಾದರೂ ತೋರಬಹುದು. ಚಳಿಗಾಲದಲ್ಲಿ ಬಿಸಿಲಿದೆ, ಗಾಳಿಯಿಲ್ಲ. ಹಾಯಿಯವನಿಗೆ ಬೇಕಾದದ್ದು ಗಾಳಿ.

ಬೇಕು, ನಿಜ, ಆದರೆ ಎಷ್ಟು ಬೇಕು ಎಂಬಲ್ಲಿ ಕಷ್ಟ ಆರಂಭವಾಗುತ್ತದೆ. ಗಾಳಿಯ ವೇಗ ಇಮ್ಮಡಿಯಾದರೆ ಅದರ ಒತ್ತಡ ಇಮ್ಮಡಿಯಾಗುವುದಿಲ್ಲ, ನಾಲ್ಮಡಿಯಾಗುತ್ತದೆ. ಐದು ಚದರ ಮೀಟರಿನ ಹಾಯಿಯೊಂದನ್ನು ತೆಗೆದುಕೊಳ್ಳಿ. ಎರಡು ಹಾಸುಗೆಯ ಹೊದಿಕೆಗಳನ್ನು ಅಕ್ಕಪಕ್ಕ ಹಿಡಿದಷ್ಟು ಅಗಲ. ಹತ್ತು ನಾಟ್ ಗಾಳಿಯಲ್ಲಿ, ಅಂದರೆ ಗಂಟೆಗೆ ಹದಿನೆಂಟೂವರೆ ಕಿಲೊಮೀಟರಿನಲ್ಲಿ, ಅದರ ಮೇಲೆ ಬೀಳುವ ನೂಕು ಸ್ಥೂಲ ಲೆಕ್ಕದಲ್ಲಿ ಎಂಟು ಕಿಲೊ ತೂಕದಷ್ಟು; ಮನೆಯ ಹೆಣ್ಣುಮಕ್ಕಳು ಸೊಂಟದ ಮೇಲೆ ಹೊತ್ತು ತರುವ ಕೊಡದಷ್ಟು. ಇಪ್ಪತ್ತು ನಾಟ್ ಆದರೆ 32 ಕಿಲೊ. ಮೂವತ್ತು ಆದರೆ 72 ಕಿಲೊ. ಆಳಿನ ತೂಕದಷ್ಟೇ ಆಯಿತು. ಜೋಳದ ರಾಶಿ ತೂರುವವರಿಗೆ ಈ ಲೆಕ್ಕ ಹೇಳಿಕೊಡಬೇಕಾಗಿಲ್ಲ. ಮಂದಗಾಳಿಯಲ್ಲಿ ಹೊಟ್ಟು ಮಾತ್ರ ಹಾರುತ್ತದೆ. ಗಾಳಿ ತುಸು ಜೋರಾದೊಡನೆ ಕಾಳೂ ಹೊರಟುಹೋಗುತ್ತದೆ. ‘ಗಾಳಿ ಬಂದಾಗ ತೂರಿಕೋ’ ಎಂಬ ಗಾದೆಯನ್ನು ಮಾಡಿದವರು ಬಿರುಗಾಳಿಯಲ್ಲಿ ತೂರಲು ಹೇಳಲಿಲ್ಲ.

ದೊಡ್ಡ ಹಡಗಿನಲ್ಲಿ ಈ ನೂಕನ್ನು ತಡೆಯಲು ಹಗ್ಗಗಳುಂಟು, ರಾಟೆಗಳುಂಟು, ತಳದಲ್ಲಿ ಭಾರವುಂಟು. ಇವೊಂದೂ ಇಲ್ಲದೆ ಬರಿಗೈಯಿಂದ ಹಾಯಿಯನ್ನು ಹಿಡಿದು ನಿಲ್ಲುವ ಆಟವೊಂದಿದೆ. ಅದೇ ವಿಂಡ್‌ಸರ್ಫಿಂಗ್. ಕನ್ನಡದಲ್ಲಿ ಹಾಯಿಹಲಗೆ ಎಂದರೆ ಸಾಕು. ಎರಡೂವರೆ ಮೀಟರು ಆಸುಪಾಸಿನ ತೇಲುಹಲಗೆ. ಅದರ ನಡುವೆ ಎತ್ತ ಬೇಕಾದರತ್ತ ಬಾಗುವ ರಬ್ಬರು ಕೀಲು. ಕೀಲಿನ ಮೇಲೆ ಕಂಬ. ಕಂಬಕ್ಕೆ ತೋಳುಚೀಲದಂತೆ ತೊಡಿಸಿದ ಹಾಯಿ. ಹಾಯಿಯನ್ನು ಎರಡೂ ಮಗ್ಗುಲಿಂದ ಬಳಸಿ ನಿಂತ ಬಳೆಯಂಥ ಹಿಡಿಕೆ, ಅದಕ್ಕೆ ಬೂಮ್ ಎಂದು ಹೆಸರು. ಚುಕ್ಕಾಣಿ ಇಲ್ಲ. ಆಟಗಾರ ಬೂಮನ್ನು ಹಿಡಿದು ಹಾಯಿಯನ್ನು ಮುಂದಕ್ಕೆ ವಾಲಿಸಿದರೆ ಹಲಗೆ ಗಾಳಿಯಿಂದ ದೂರ ತಿರುಗುತ್ತದೆ, ಹಿಂದಕ್ಕೆ ವಾಲಿಸಿದರೆ ಗಾಳಿಯ ಕಡೆಗೆ ತಿರುಗುತ್ತದೆ. ಕಂಬವನ್ನು ನೆಟ್ಟಗೆ ನಿಲ್ಲಿಸಿರುವುದು ಮನುಷ್ಯನ ಮೈ ಒಂದೇ.

ಇದನ್ನು ಮೊದಲು ಕಂಡುಹಿಡಿದವರು ಯಾರೆಂಬುದರ ಬಗ್ಗೆ ದೊಡ್ಡ ವ್ಯಾಜ್ಯವೇ ನಡೆದುಹೋಯಿತು. ಕ್ಯಾಲಿಫೋರ್ನಿಯದಲ್ಲಿ ವಿಮಾನಗಳ ಎಂಜಿನಿಯರಾದ ಜಿಮ್ ಡ್ರೇಕ್ ಮತ್ತು ಆತನ ಮಿತ್ರ ಹಾಯ್ಲ್ ಶ್ವೈಟ್ಸರ್ 1968ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು. 1970ರಲ್ಲಿ ಅದು ಸಿಕ್ಕಿತು. ಆದರೆ ಪೆನ್ಸಿಲ್ವೇನಿಯದ ನ್ಯೂಮನ್ ಡಾರ್ಬಿ ಎಂಬಾತ ಗಾಳಿಪಟದ ಆಕಾರದ ಹಾಯಿಯನ್ನು ಹಲಗೆಗೆ ಕಟ್ಟಿ, ಅದರ ಚಿತ್ರವನ್ನೂ ವಿವರಣೆಯನ್ನೂ 1965ರಲ್ಲೇ ಒಂದು ಜನಪ್ರಿಯ ವಿಜ್ಞಾನಪತ್ರಿಕೆಯಲ್ಲಿ ಅಚ್ಚು ಹಾಕಿಸಿದ್ದ. ಅದಕ್ಕೂ ಮೊದಲು, 1958ರಲ್ಲಿ, ಇಂಗ್ಲೆಂಡಿನ ಹೇಲಿಂಗ್ ದ್ವೀಪದಲ್ಲಿ ಪೀಟರ್ ಚಿಲ್ವರ್ಸ್ ಎಂಬ ಹನ್ನೆರಡು ವರ್ಷದ ಹುಡುಗ ಇಂಥದೇ ಒಂದನ್ನು ಮಾಡಿ ಆಡಿದ್ದ. 1985ರಲ್ಲಿ ಇಂಗ್ಲೆಂಡಿನ ನ್ಯಾಯಾಲಯ ಆ ಹುಡುಗನ ಆಟಿಕೆಯನ್ನು ಗಣನೆಗೆ ತೆಗೆದುಕೊಂಡು ಅಲ್ಲಿಯ ಪೇಟೆಂಟನ್ನೇ ತಳ್ಳಿಹಾಕಿತು. ಅಷ್ಟರಲ್ಲಿ ಆಟ ಲೋಕವನ್ನೆಲ್ಲ ಸುತ್ತಿ, 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸನ್ನೂ ಸೇರಿಯಾಗಿತ್ತು. ಭಾರತಕ್ಕೂ ಇದರಲ್ಲಿ ಪಾಲಿಲ್ಲದಿಲ್ಲ. 2023ರಲ್ಲಿ ಚೀನದಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ಇಬಾದ್ ಅಲಿ ಗಂಡಸರ ಹಾಯಿಹಲಗೆ ಸ್ಪರ್ಧೆಯಲ್ಲಿ ಕಂಚಿನ ಪದಕವನ್ನು ಗೆದ್ದರು.

ಈ ಆಟದಲ್ಲಿ ನೋಡುವವರ ಕಣ್ಣು ಹಾಯಿಯ ಮೇಲೆ ನಿಲ್ಲುವುದು ಸಹಜ. ಬಣ್ಣವಿರುವುದು ಅದಕ್ಕೇ. ಕಂಬವನ್ನು ಯಾರೂ ನೋಡುವುದಿಲ್ಲ. ಅದು ಹಾಯಿಯ ತೋಳಿನೊಳಗೆ ಮುಚ್ಚಿಹೋಗಿರುತ್ತದೆ. ಆದರೆ ಬಿರುಸು ಗಾಳಿಯಲ್ಲಿ ಮನುಷ್ಯ ದಡಕ್ಕೆ ಬರುತ್ತಾನೋ ಇಲ್ಲವೋ ಎಂಬುದನ್ನು ತೀರ್ಮಾನಿಸುವುದು ಬಹುಮಟ್ಟಿಗೆ ಆ ಕಾಣದ ಕಂಬವೇ.

ಬಾಗುವುದೇ ಬಲ

ಕಂಬವೆಂದರೆ ಗಟ್ಟಿಯಾಗಿ ನಿಲ್ಲಬೇಕು, ಬಾಗಬಾರದು ಎಂಬುದು ಮನೆ ಕಟ್ಟುವವರ ನ್ಯಾಯ. ಹಾಯಿಕಂಬಕ್ಕೆ ಅದು ಹೊಂದುವುದಿಲ್ಲ. ಅದು ಬಿಲ್ಲಿನ ಜಾತಿಯದು. ಹಾಯಿಯನ್ನು ಹೊಲಿಯುವವನು ಅದರ ಕಂಬದ ಕಡೆಯ ಅಂಚನ್ನು ನೇರವಾಗಿ ಕತ್ತರಿಸುವುದಿಲ್ಲ, ಬಾಗಾಗಿ ಕತ್ತರಿಸುತ್ತಾನೆ. ಕಂಬ ಇಷ್ಟೇ ಬಾಗುತ್ತದೆ, ಇಂಥಲ್ಲೇ ಬಾಗುತ್ತದೆ ಎಂಬ ಭರವಸೆಯ ಮೇಲೆ ಇಡೀ ಹಾಯಿಯ ಉಬ್ಬುತಗ್ಗು ನಿಂತಿದೆ. ತೋಳಿನೊಳಗೆ ಕಂಬವನ್ನು ಏರಿಸಿ, ಬುಡದ ರಾಟೆಯಲ್ಲಿ ಹಗ್ಗವನ್ನು ಪೋಣಿಸಿ ಕಾಲು ಕೊಟ್ಟು ಕೆಳಕ್ಕೆ ಜಗ್ಗಿದಾಗ, ಹೆದೆಯೇರಿಸಿದ ಬಿಲ್ಲಿನಂತೆ ಕಂಬ ಬಾಗುತ್ತದೆ. ಆಗ ಹಾಯಿಯ ಹಿಂದಂಚಿನ ಮೇಲ್ಭಾಗ ಬಿಗಿ ಕಳೆದುಕೊಂಡು ಜೋಲುಬೀಳುತ್ತದೆ. ಹೊಸಬರಿಗೆ ಇದು ತಪ್ಪಿನಂತೆ ಕಾಣುತ್ತದೆ. ಎಲ್ಲಿ ನೋಡಿದರೂ ತಮಟೆಯಂತೆ ಬಿಗಿಯಾಗಿದ್ದರೆ ಮಾತ್ರ ಹಾಯಿ ಸರಿಯೆಂದು ಅವರು ನಂಬಿರುತ್ತಾರೆ.

ಜೋಲುವುದರಲ್ಲೇ ಗುಟ್ಟಿದೆ. ನೀರಿನ ಮೈಗೆ ಹತ್ತಿರದ ಗಾಳಿಗಿಂತ ನಾಲ್ಕು ಮೀಟರು ಮೇಲಿನ ಗಾಳಿ ಜೋರು. ಜೊತೆಗೆ ಹಾಯಿಯ ತುದಿಯಲ್ಲಿ ಬಿದ್ದ ನೂಕು ಬುಡದಲ್ಲಿ ಬಿದ್ದದ್ದಕ್ಕಿಂತ ಬಹಳ ಹೆಚ್ಚಿನ ಸನ್ನೆಯ ಬಲವನ್ನು ಪಡೆಯುತ್ತದೆ. ಬಾವಿಯ ಏತದ ಉದ್ದ ತುದಿಯನ್ನು ಹಿಡಿದವನಿಗೆ ಇದು ತಿಳಿದ ವಿಷಯ. ಗಾಳಿಯ ರಭಸದ ಒಂದು ಅಲೆ ಬಂದು ಬಡಿದಾಗ ಸರಿಯಾದ ಕಂಬ ತುದಿಯಲ್ಲಿ ಇನ್ನಷ್ಟು ಬಾಗುತ್ತದೆ. ಜೋಲುಬಿದ್ದ ಅಂಚು ಬಾಗಿಲಿನಂತೆ ತೆರೆದುಕೊಂಡು ಹೆಚ್ಚಿನ ಗಾಳಿಯನ್ನು ಹೊರಕ್ಕೆ ಬಿಡುತ್ತದೆ. ಅಲೆ ಹಾದುಹೋದೊಡನೆ ಕಂಬ ನೆಟ್ಟಗಾಗಿ ಬಾಗಿಲು ಮುಚ್ಚುತ್ತದೆ. ಇದೆಲ್ಲ ಒಂದು ನಿಮಿಷದೊಳಗೆ ಹತ್ತಾರು ಸಲ ನಡೆದರೂ ಬೂಮನ್ನು ಹಿಡಿದವನ ಕೈಗೆ ಅದರ ಸುದ್ದಿ ಹೆಚ್ಚಾಗಿ ಮುಟ್ಟುವುದಿಲ್ಲ. ಬೇಲಿಯ ಬಳಿಯ ಜೋಳದ ದಂಟು ಎಷ್ಟೇ ಗಾಳಿಗೂ ತಲೆ ಬಾಗಿಸಿ ಉಳಿದು, ಪಕ್ಕದ ಒಣಮರ ಮುರಿದುಬೀಳುವುದನ್ನು ಹೊಲದವರೆಲ್ಲ ಕಂಡಿದ್ದಾರೆ.

ಕಂಬ ಬೇಕಾದುದಕ್ಕಿಂತ ಗಡುಸಾಗಿದ್ದರೆ ಏನಾದೀತು? ಕೆಳಗಿನ ಹಗ್ಗವನ್ನು ಎಷ್ಟು ಜಗ್ಗಿದರೂ, ಅಂಗೈ ಸುಲಿದುಹೋದರೂ, ಅಂಚು ಜೋಲುವುದಿಲ್ಲ. ಬಾಗಿಲೇ ತೆರೆಯದ ಆ ಹಾಯಿ ಇಡೀ ನೂಕನ್ನು ತಂದು ಮನುಷ್ಯನ ತೋಳಿಗೆ ಕಟ್ಟುತ್ತದೆ. ಆಟಗಾರರು ಸೊಂಟಕ್ಕೆ ಕೊಂಡಿಯುಳ್ಳ ಪಟ್ಟಿಯನ್ನು ಕಟ್ಟಿ, ಬೂಮಿನಿಂದ ಇಳಿಬಿಟ್ಟ ಹಗ್ಗದ ಕುಣಿಕೆಗೆ ಅದನ್ನು ಸಿಕ್ಕಿಸಿಕೊಂಡು ಮೈಭಾರದಿಂದಲೇ ಹಾಯಿಯನ್ನು ಎಳೆದು ಹಿಡಿಯುತ್ತಾರೆ. ಹೀಗೆ ಸಿಕ್ಕಿಕೊಂಡಿರುವಾಗ ಗಾಳಿಯ ಒಂದು ಹೊಡೆತ ಬಿದ್ದು, ಹಾಯಿ ಅದನ್ನು ಹೊರಕ್ಕೆ ಬಿಡದೆ ಹೋದರೆ, ಕಂಬ ಮುಂದಕ್ಕೆ ರಪ್ಪನೆ ಬೀಳುತ್ತದೆ. ಕವಣೆಯ ಕಲ್ಲಿನಂತೆ ಮನುಷ್ಯ ಅದರ ಹಿಂದೆ ಹಾರುತ್ತಾನೆ. ನೀರಿಗೆ ಬಿದ್ದರೆ ಪುಣ್ಯ. ಕಂಬದ ಮೇಲೋ ಹಲಗೆಯ ಮೂತಿಯ ಮೇಲೋ ಬಿದ್ದು ಪಕ್ಕೆಲುಬು ಮುರಿಯಬಹುದು, ತಲೆಗೆ ಪೆಟ್ಟು ತಗಲಬಹುದು.

ಇನ್ನು ಕಂಬ ತೀರ ಮೆತ್ತಗಾದರೆ ಬೇರೊಂದು ಬಗೆಯ ಕೇಡು. ಹಾಯಿಯ ಉಬ್ಬು ಇರಬೇಕಾದದ್ದು ಮುಂಭಾಗದಲ್ಲಿ. ಮೆತ್ತನೆಯ ಕಂಬ ಗಾಳಿಯ ಪ್ರತಿ ಹೊಡೆತಕ್ಕೂ ಕುಸಿದು, ಆ ಉಬ್ಬು ಹಿಂದಕ್ಕೂ ಮುಂದಕ್ಕೂ ಓಡಾಡತೊಡಗುತ್ತದೆ. ಎಳೆತ ಮುಂಗೈಯಿಂದ ಹಿಂಗೈಗೆ, ಹಿಂಗೈಯಿಂದ ಮುಂಗೈಗೆ ನೆಗೆಯುತ್ತದೆ. ಜೋಡಿಯಾಗದ ಎರಡು ಎತ್ತುಗಳನ್ನು ಒಂದೇ ನೊಗಕ್ಕೆ ಹೂಡಿದವನ ಗತಿ ಅದು. ಅರ್ಧ ಗಂಟೆಯಲ್ಲಿ ತೋಳು ಸೋಲುತ್ತದೆ. ತೋಳು ಸೋತ ಮೇಲೆ ಹಾಯಿಯನ್ನು ಎತ್ತಲಾಗುವುದಿಲ್ಲ. ಎತ್ತಲಾಗದಿದ್ದರೆ ಗಾಳಿ ಒಯ್ದತ್ತ ಹೋಗಬೇಕು.

ಎರಡರಲ್ಲಿ ಮೊದಲನೆಯ ತಪ್ಪೇ ಹೆಚ್ಚು ಸಾಮಾನ್ಯ, ಹೆಚ್ಚು ಅಪಾಯಕರ. ಕಾರಣವೇನೂ ಗಹನವಾದುದಲ್ಲ, ಹಣ. ಹಾಯಿಯನ್ನು ಕೊಂಡವರು ಹಳೆಯ ಕಂಬದಲ್ಲೇ ಕೆಲಸ ಸಾಗಿಸಲು ನೋಡುತ್ತಾರೆ. ಮಂದಗಾಳಿಯ ದೊಡ್ಡ ಹಾಯಿಗೆಂದು ತಂದ ಉದ್ದ ಗಡುಸು ಕಂಬವನ್ನೇ ಬಿರುಗಾಳಿಯ ದಿನ ಚಿಕ್ಕ ಹಾಯಿಗೂ ತೂರಿಸುತ್ತಾರೆ. ಚಿಕ್ಕ ಹಾಯಿ ಹಾಕಿದ್ದೇನೆ, ಇನ್ನು ಭಯವಿಲ್ಲ ಎಂಬ ಧೈರ್ಯ ಬೇರೆ. ಮೆತ್ತಗಿರಬೇಕಾದ ದಿನವೇ ಕಂಬ ಅತಿ ಗಡುಸಾಗಿರುತ್ತದೆ.

ಕಂಬದ ಜಾತಕ

ಗಡುಸುತನವನ್ನು ಕೈಯಿಂದ ಅದುಮಿ ನೋಡಿ ಹೇಳುವುದಕ್ಕಾಗದು. ಅದಕ್ಕೆ ಸರಳವಾದ ಪರೀಕ್ಷೆಯೊಂದಿದೆ. ಕಂಬವನ್ನು ಅಡ್ಡಲಾಗಿ ಮಲಗಿಸಿ, ಎರಡು ತುದಿಗಳಿಗೂ ಆಧಾರ ಕೊಟ್ಟು, ನಟ್ಟನಡುವೆ 30 ಕಿಲೊ ತೂಕವನ್ನು ತೂಗುಬಿಡುತ್ತಾರೆ. ನಡು ಎಷ್ಟು ತಗ್ಗಿತೆಂದು ಅಳೆದು, ಕಂಬದ ಉದ್ದವನ್ನು ಆ ತಗ್ಗಿನಿಂದ ಭಾಗಿಸುತ್ತಾರೆ. 460 ಸೆಂಟಿಮೀಟರಿನ ಕಂಬ 18.4 ಸೆಂಟಿಮೀಟರು ತಗ್ಗಿದರೆ ಅದರ ಅಂಕ 25. 400 ಸೆಂಟಿಮೀಟರಿನ ಕಂಬದ ಅಂಕ ಸಾಮಾನ್ಯವಾಗಿ 19, 430ರದು 21, 490ರದು 29. ಈ ಅಂಕಕ್ಕೆ ಐ.ಎಂ.ಸಿ.ಎಸ್. ಎಂದು ಹೆಸರು. ಅಂಕ ಹೆಚ್ಚಿದಷ್ಟೂ ಕಂಬ ಗಡುಸು. ಉದ್ದವಾದ ಕಂಬ ಗಡುಸೂ ಆಗಿರುವುದರಿಂದಲೇ ಉದ್ದದ ತಪ್ಪು ಗಡುಸುತನದ ತಪ್ಪಾಗಿಯೂ ಪರಿಣಮಿಸುತ್ತದೆ.

ಎಷ್ಟು ಬಾಗಿತೆಂಬುದು ತಿಳಿದರೆ ಮಾತ್ರ ಸಾಲದು. ಎಲ್ಲಿ ಬಾಗಿತೆಂಬುದೂ ತಿಳಿಯಬೇಕು. ಬುಡದಿಂದ ಕಾಲುಭಾಗದ ಜಾಗದಲ್ಲಿಯೂ ಮುಕ್ಕಾಲುಭಾಗದ ಜಾಗದಲ್ಲಿಯೂ ತಗ್ಗನ್ನು ಅಳೆದು, ನಡುವಿನ ತಗ್ಗಿಗೆ ನೂರಕ್ಕೆ ಎಷ್ಟೆಂದು ಲೆಕ್ಕ ಹಾಕುತ್ತಾರೆ. ಕೆಳಗೆ 64, ಮೇಲೆ 76 ಬಂದರೆ ವ್ಯತ್ಯಾಸ 12. ಇದು ಸಮಬಾಗಿನ ಕಂಬ. ವ್ಯತ್ಯಾಸ ಹತ್ತಕ್ಕಿಂತ ಕಡಿಮೆಯಾದರೆ ತುದಿ ಗಡುಸು. ಹದಿನೇಳು ಹದಿನೆಂಟನ್ನು ದಾಟಿದರೆ ತುದಿ ಮೆತ್ತನೆ. ಸಮಬಾಗಿಗೆಂದು ಹೊಲಿದ ಹಾಯಿಯನ್ನು ತುದಿ ಗಡುಸಿನ ಕಂಬಕ್ಕೆ ತೊಡಿಸಿದರೆ ಗಾಳಿ ಹೊರಹೋಗುವ ಮೇಲಿನ ಬಾಗಿಲು ಮುಚ್ಚಿಯೇ ಉಳಿಯುತ್ತದೆ. ಉದ್ದ ಸರಿಯಾಗಿ, ಅಂಕ ಸರಿಯಾಗಿ, ಬಾಗು ಮಾತ್ರ ಬೇರೆಯಾದ ಜೋಡಿ ದಡದ ಮೇಲೆ ಚೆನ್ನಾಗಿಯೇ ಕಾಣುತ್ತದೆ. ನೀರಿಗಿಳಿದ ಮೇಲೆ ಅದರ ಗುಣ ತಿಳಿಯುವುದು. ಮದುವೆಗೆ ಮುಂಚೆ ಜಾತಕ ನೋಡುವವರ ನಾಡಿನಲ್ಲಿ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಈ ಜಾತಕವೆಲ್ಲ ಹಾಯಿಯ ಬುಡದಲ್ಲೇ ಅಚ್ಚಾಗಿರುತ್ತದೆ. ಐದು ಚದರ ಮೀಟರಿನ ಹಾಯಿಯೊಂದರ ಮೇಲೆ ಕಂಬದಂಚು 418, ಬೂಮ್ 165, ಕಂಬ 400, ಅಂಕ 19 ಎಂಬಂತೆ ಬರೆದಿರುತ್ತದೆ. ಇದರರ್ಥ: 400 ಸೆಂಟಿಮೀಟರಿನ ಕಂಬವನ್ನು ತೆಗೆದುಕೋ, ಬುಡಕ್ಕೆ ಹಾಕುವ ಅಲ್ಯೂಮಿನಿಯಂ ಕೊಳವೆಯಿಂದ ಉಳಿದ 18 ಸೆಂಟಿಮೀಟರನ್ನು ಕೂಡಿಸಿಕೋ, ಬೂಮನ್ನು 165ಕ್ಕೆ ನಿಲ್ಲಿಸು. ಇಷ್ಟನ್ನು ಓದದೆ ಅಂದಾಜಿನ ಮೇಲೆ ಕಟ್ಟುವವರೇ ಹೆಚ್ಚೆಂಬುದು ವಿಷಾದದ ಸಂಗತಿ. ಔಷಧದ ಶೀಶೆಯ ಮೇಲಿನ ಚೀಟಿಯನ್ನು ಓದದವರೂ ಇದೇ ಗುಂಪಿನವರು.

ಮೊದಲಿಗೆ ಕಂಬಗಳನ್ನು ಗಾಜಿನ ನೂಲನ್ನು ಅಂಟಿನಲ್ಲಿ ಅದ್ದಿ ಮಾಡುತ್ತಿದ್ದರು, ಬೂಮು ತೇಗದ್ದಾಗಿತ್ತು. ಈಗ ಗಾಜಿನ ನೂಲಿನೊಡನೆ ಕಾರ್ಬನ್ ನೂಲನ್ನು ಬೆರೆಸುತ್ತಾರೆ. ನೂರಕ್ಕೆ ಮೂವತ್ತರಿಂದ ಹಿಡಿದು ನೂರಕ್ಕೆ ನೂರರವರೆಗೂ ಉಂಟು. ಕಾರ್ಬನ್ ಹೆಚ್ಚಿದಂತೆ ಕಂಬ ಹಗುರಾಗುತ್ತದೆ, ಬಾಗಿದ್ದು ಬೇಗ ನೆಟ್ಟಗಾಗುತ್ತದೆ, ಬೆಲೆ ಏರುತ್ತದೆ. ಜೊತೆಗೆ ಪೆಟ್ಟಿಗೆ ನಾಜೂಕಾಗುತ್ತದೆಂಬುದನ್ನು ಅಂಗಡಿಯವರು ಮೆಲುದನಿಯಲ್ಲಿ ಹೇಳುತ್ತಾರೆ. ಕಲ್ಲಿನ ಮೇಲೆ ಒಮ್ಮೆ ಬಿದ್ದ ಗೀರು, ಮುಂದೆಂದೋ ನಡುನೀರಿನಲ್ಲಿ ಬಿರುಕಾಗಿ ಬಾಯಿಬಿಡಬಹುದು. ದಪ್ಪದಲ್ಲೂ ಎರಡು ಬಗೆ: ಒಳಗಿನ ಅಗಲ ಸುಮಾರು 48 ಮಿಲಿಮೀಟರಿನ ಹಳೆಯ ಮಾದರಿ, 32 ಮಿಲಿಮೀಟರಿನ ಸಣ್ಣ ಮಾದರಿ. ಸಣ್ಣದರ ಗೋಡೆ ದಪ್ಪ. ಅಲೆಗಳ ನಡುವೆ ಚಿಕ್ಕ ಹಾಯಿ ಹಿಡಿಯುವವರು ಅದನ್ನೇ ಮೆಚ್ಚುವುದು ಈ ಕಾರಣದಿಂದ.

ಹುಸೇನ್ ಸಾಗರದ ಮೂರು ಬುಡಗಳು

ಈ ಜೋಡಿಯ ನ್ಯಾಯವನ್ನು ಅರಿಯಲು ಸಮುದ್ರಕ್ಕೇ ಹೋಗಬೇಕೆಂದಿಲ್ಲ. ಹುಸೇನ್ ಸಾಗರದ ಪಂದ್ಯಗಳಲ್ಲಿ ಮುಖ್ಯವಾಗಿ ಓಡುವುದು ಲೇಸರ್ ಎಂಬ ಒಬ್ಬಾಳಿನ ದೋಣಿ. 2019ರಿಂದ ಅದರ ಅಧಿಕೃತ ಹೆಸರು ಐ.ಎಲ್.ಸಿ.ಎ. ಎಂದಾಗಿದೆ. ಸುಮಾರು ನಾಲ್ಕೂಕಾಲು ಮೀಟರು ಉದ್ದದ ಈ ದೋಣಿಗೆ ಚುಕ್ಕಾಣಿಯೇನೋ ಇದೆ. ಆದರೆ ಅದರ ಹಾಯಿಯನ್ನು ಕಂಬಕ್ಕೆ ತೊಡಿಸುವುದು ಹಾಯಿಹಲಗೆಯಂತೆಯೇ, ಅಂಗಿಯ ತೋಳು ತೊಡಿಸಿದ ಹಾಗೆ. ಕಂಬವನ್ನು ಎಳೆದುಹಿಡಿಯುವ ಬಿಗಿಹಗ್ಗಗಳೂ ಇಲ್ಲ. ಹೀಗಾಗಿ ಗಾಳಿಯ ಹೊಡೆತಕ್ಕೆ ಕಂಬ ಹೇಗೆ ಬಾಗುತ್ತದೆಂಬುದೇ ಇಲ್ಲಿಯೂ ಮುಖ್ಯ ಪ್ರಶ್ನೆ.

ಆ ದೋಣಿಯನ್ನು ರೂಪಿಸಿದವರು ಈ ಪ್ರಶ್ನೆಗೆ ಕೊಟ್ಟ ಉತ್ತರ ಸೊಗಸಾಗಿದೆ. ದೋಣಿ ಎಲ್ಲರಿಗೂ ಒಂದೇ. ಕಂಬ ಎರಡು ತುಂಡಿನದು. ಬುಡದ ತುಂಡಿನಲ್ಲಿ ಮಾತ್ರ ಮೂರು ಬಗೆ, ಅದಕ್ಕೆ ತಕ್ಕಂತೆ ಮೂರು ಹಾಯಿ: 7.06 ಚದರ ಮೀಟರು, 5.76 ಚದರ ಮೀಟರು, 4.7 ಚದರ ಮೀಟರು. ಎಂಬತ್ತು ಕಿಲೊ ತೂಗುವ ಗಟ್ಟಿಮುಟ್ಟಾದ ಸಿಪಾಯಿಗೆ ಮೊದಲನೆಯದು. ಅದೇ ದಿನ, ಅದೇ ಗಾಳಿಯಲ್ಲಿ, ಅದೇ ದೋಣಿಗೆ ಹದಿನಾಲ್ಕು ವರ್ಷದ ಹುಡುಗಿ ಮೂರನೆಯ ಬುಡವನ್ನು ಸಿಕ್ಕಿಸಿ ಚಿಕ್ಕ ಹಾಯಿಯನ್ನು ತೊಡಿಸಿ ಹೊರಡುತ್ತಾಳೆ. ಈ ಮೂರನೆಯ ಬುಡ ಗಿಡ್ಡದು. ತಯಾರಿಸುವಾಗಲೇ ಅದನ್ನು ಹಿಂದಕ್ಕೆ ಬಾಗಿಸಿರುತ್ತಾರೆ. ನೇರವಾಗಿದ್ದರೆ ಚಿಕ್ಕ ಹಾಯಿಯ ಎಳೆತವೆಲ್ಲ ದೋಣಿಯ ಮೂತಿಯ ಕಡೆಗೆ ಸರಿದು ತೂಕ ತಪ್ಪುತ್ತಿತ್ತು. ದೊಡ್ಡವರ ಕಂಬಕ್ಕೆ ಮಕ್ಕಳ ಹಾಯಿಯನ್ನು ಹೇಗೋ ಕಟ್ಟಿಬಿಡುವ ಮನಸ್ಸು ಅವರಿಗೆ ಬರಲಿಲ್ಲವೆಂಬುದನ್ನು ಗಮನಿಸಬೇಕು.

ಇಂಥ ಮೂರನೆಯ ಹಾಯಿಯಲ್ಲೇ ಮಧ್ಯಪ್ರದೇಶದ ನೇಹಾ ಠಾಕೂರ್ 2023ರ ಏಷ್ಯನ್ ಕ್ರೀಡಾಕೂಟದಲ್ಲಿ ಬೆಳ್ಳಿಯ ಪದಕ ಪಡೆದಳು. ನಡುವಿನ ಹಾಯಿಯಲ್ಲಿ ಚೆನ್ನೈನ ನೇತ್ರಾ ಕುಮನನ್, ದೊಡ್ಡ ಹಾಯಿಯಲ್ಲಿ ಸೈನ್ಯದ ವಿಷ್ಣು ಸರವಣನ್ ಟೋಕಿಯೊ ಮತ್ತು ಪ್ಯಾರಿಸ್ ಒಲಿಂಪಿಕ್ಸ್‌ಗಳೆರಡರಲ್ಲೂ ಭಾಗವಹಿಸಿದರು. ಕನ್ನಡನಾಡಿನಲ್ಲಿ ಹಾಯಿಯ ಪಾಠ ಹೇಳಿಕೊಡುವ ಹಳೆಯ ಮನೆಯೆಂದರೆ ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪ್. ಅದರ ತೃಷ್ಣಾ ಹಾಯಿದೋಣಿ ಸಂಘದ ಹೆಸರೇ ಒಂದು ಕಥೆಯನ್ನು ಹೇಳುತ್ತದೆ. 1985ರಿಂದ 1987ರ ವರೆಗೆ ಭಾರತೀಯ ಸೈನ್ಯದ ಎಂಜಿನಿಯರುಗಳು ಭೂಮಂಡಲವನ್ನು ಸುತ್ತಿಬಂದ ಹಾಯಿನೌಕೆಯ ಹೆಸರು ತೃಷ್ಣಾ. ಬೆಂಗಳೂರಿನ ಹಲಸೂರು ಕೆರೆ, ಮೈಸೂರಿನ ಬಳಿಯ ಕೃಷ್ಣರಾಜಸಾಗರ ಇವರ ಅಭ್ಯಾಸದ ನೀರು.

ಚಂದಾಪುರದ ಸಮೀಪದಲ್ಲೇ ಚಂದ್ರಂಪಳ್ಳಿಯ ಜಲಾಶಯವಿದೆಯಲ್ಲ, ಅಲ್ಲಿ ಹಾಯಿ ಬಿಡಿಸಬಾರದೇಕೆ ಎಂದು ಆ ಸೀಮೆಯ ತರುಣರಿಗೆ ಅನ್ನಿಸಿದರೆ ತಪ್ಪಲ್ಲ. ಗುಡ್ಡಗಳ ನಡುವಿನ ಚೆಲುವಾದ ನೀರದು. ಆದರೆ ಅದರ ಸುತ್ತಲಿನ ಕಾಡು 2011ರಿಂದ ವನ್ಯಜೀವಿಧಾಮ. ಗುಡ್ಡಗಳ ಮರೆಯಲ್ಲಿ ಗಾಳಿಯೂ ಸುತ್ತಿಸುಳಿದು, ಎತ್ತಣಿಂದ ಬಂತೆಂದು ತಿಳಿಯದ ಹಾಗೆ ಬೀಸುತ್ತದೆ. ಆ ನೀರನ್ನು ಹಕ್ಕಿಗಳಿಗೂ ಮೃಗಗಳಿಗೂ ಬಿಟ್ಟುಕೊಡುವುದೇ ಲೇಸು. ಬಯಲಿನ ಅಗಲವಾದ ಕೆರೆಯಲ್ಲಿ ಗಾಳಿ ಸಮನಾಗಿರುತ್ತದೆ. ಕಲಿಯುವವರಿಗೆ ಅದೇ ಕ್ಷೇಮ.

ದಡದ ಮೇಲಿನ ಅರ್ಧ ಗಂಟೆ

ಬಿರುಗಾಳಿಯ ದಿನ ಹೆಚ್ಚು ಸಾಮಾನು ಮುರಿಯುವುದು ನೀರಿನಲ್ಲಲ್ಲ, ದಡದ ಮೇಲೆ. ಕಟ್ಟಿ ಮುಗಿಸಿದ ಹಾಯಿ ಹಕ್ಕಿಯ ರೆಕ್ಕೆಯಂಥದು. ಕೆಳಗೆ ಗಾಳಿ ಹೊಕ್ಕರೆ ಎದ್ದೇಳುತ್ತದೆ. ಅದನ್ನು ನೆಲದ ಮೇಲೆ ಇಡುವಾಗ ಕಂಬ ಗಾಳಿ ಬರುವ ಕಡೆಗೂ ಬೂಮಿನ ಹಿಂತುದಿ ಗಾಳಿ ಹೋಗುವ ಕಡೆಗೂ ಇರಬೇಕು. ಹಿಂದುಮುಂದಾಗಿ ಇಟ್ಟು ಚಹಾ ಕುಡಿಯಲು ಹೋದವನ ಹಾಯಿ ನಾಲ್ಕು ಪಲ್ಟಿ ಹೊಡೆದು ಯಾವುದೋ ಕಾರಿನ ಗಾಜಿಗೆ ಹೋಗಿ ಬಡಿಯುತ್ತದೆ. ಹೊತ್ತು ಒಯ್ಯುವಾಗಲೂ ಅದೇ ನಿಯಮ: ಒಂದು ಕೈ ಕಂಬದ ಮೇಲೆ, ಒಂದು ಕೈ ಬೂಮಿನ ಮೇಲೆ, ಕಂಬ ಗಾಳಿಗೆ ಎದುರಾಗಿ ಅಡ್ಡಲಾಗಿ. ಹೀಗೆ ಹಿಡಿದರೆ ಗಾಳಿಯೇ ಅರ್ಧ ಭಾರವನ್ನು ಹೊರುತ್ತದೆ. ಬೇರೆ ಹೇಗೆ ಹಿಡಿದರೂ ಕುಸ್ತಿಯೇ.

ಎರಡು ತುಂಡಿನ ಕಂಬವನ್ನು ಜೋಡಿಸುವ ಮೊದಲು ಒಂದರ ಮೂತಿಯನ್ನೂ ಇನ್ನೊಂದರ ಒಳಗನ್ನೂ ಒದ್ದೆಬಟ್ಟೆಯಿಂದ ಒರಸುವುದು ಅರ್ಧ ನಿಮಿಷದ ಕೆಲಸ. ಅದನ್ನು ಬಿಟ್ಟರೆ ನಾಲ್ಕು ಹರಳು ಮರಳು ಒಳಗೆ ಕುಳಿತು ಎರಡು ಬಗೆಯ ಅನರ್ಥವನ್ನು ಮಾಡುತ್ತದೆ. ತುಂಡುಗಳು ಪೂರ್ತಿ ಕೂಡಿಕೊಳ್ಳದೆ ಒಂದು ಬೆರಳಿನ ಸಂದು ಉಳಿದರೆ, ಹಗ್ಗ ಜಗ್ಗಿದೊಡನೆ ಭಾರವೆಲ್ಲ ಆ ಸಂದಿನ ಅಂಚಿಗೆ ಬಿದ್ದು ಕಂಬ ಅಲ್ಲೇ ಸೀಳುತ್ತದೆ. ಪೂರ್ತಿ ಕೂಡಿಕೊಂಡರೆ ಸಂಜೆ ಬಿಡಿಸಲು ಬರುವುದಿಲ್ಲ. ಕೂಡಿಸಿದ ಮೇಲೆ ಕೀಲಿನ ಸುತ್ತ ಒಂದು ಸುತ್ತು ಅಂಟುಪಟ್ಟಿ ಹಾಕುವುದು ಬಲ್ಲವರ ಪದ್ಧತಿ. ಹಾಯಿಯನ್ನು ತೊಡಿಸುವಾಗ ಸಂದು ಬಿಚ್ಚಿಕೊಳ್ಳದು, ಮರಳೂ ಒಳಗೆ ಹೋಗದು. ಒಬ್ಬ ತಯಾರಕನ ಬುಡಕ್ಕೆ ಇನ್ನೊಬ್ಬನ ತುದಿಯನ್ನು ಸಿಕ್ಕಿಸುವುದಂತೂ ಸಲ್ಲದು. ಸಿಕ್ಕಿಕೊಂಡೀತು, ಆದರೆ ಆ ಕಂಬದ ಬಾಗು ಯಾವ ಹಾಯಿಗೂ ಸೇರಿದ್ದಲ್ಲ.

ಹಾಯಿಯ ಅಳತೆಯ ವಿಷಯದಲ್ಲಿ ಸುಮಾರಾದ ಒಂದು ಲೆಕ್ಕವಿದೆ. ಎಪ್ಪತ್ತೈದು ಕಿಲೊ ತೂಗುವ, ಆಟ ಬಲ್ಲ ಆಳಿಗೆ ಹದಿಮೂರು ಹದಿನಾಲ್ಕು ನಾಟ್ ಗಾಳಿಯಲ್ಲಿ ಏಳು ಏಳೂವರೆ ಚದರ ಮೀಟರು, ಇಪ್ಪತ್ತರಲ್ಲಿ ಐದು, ಮೂವತ್ತರ ಹತ್ತಿರ ಮೂರೂವರೆಯಿಂದ ನಾಲ್ಕು. ತೂಕ ಕಡಿಮೆಯಾದರೆ ಅಳತೆಯೂ ಕಡಿಮೆ. ಎರಡರ ನಡುವೆ ಮನಸ್ಸು ತೂಗಾಡಿದರೆ ಚಿಕ್ಕದನ್ನೇ ಆರಿಸಬೇಕು. ನೀರಿನಲ್ಲಿ ಗಾಳಿ ಇನ್ನೂ ಏರಿದರೆ ದಡಕ್ಕೆ ಬಂದು ಕೆಳಹಗ್ಗವನ್ನು ಎರಡು ಬೆರಳಷ್ಟು ಹೆಚ್ಚು ಜಗ್ಗಿ, ಬೂಮಿನ ತುದಿಯ ಹಗ್ಗವನ್ನು ತುಸು ಎಳೆದು ಹಾಯಿಯನ್ನು ಚಪ್ಪಟೆ ಮಾಡಬಹುದು. ಆದರೆ ಇದು ಸಾಧ್ಯವಾಗುವುದು ಕಂಬ ಸರಿಯಿದ್ದರೆ ಮಾತ್ರ. 2008ರಿಂದ ಟೋಕಿಯೊದವರೆಗಿನ ಒಲಿಂಪಿಕ್ಸ್‌ಗಳಲ್ಲಿ ಗಂಡಸರ ಹಾಯಿಹಲಗೆಗೆ ಮಂದಗಾಳಿಗೂ ಬಿರುಸುಗಾಳಿಗೂ ಇದ್ದದ್ದು ಒಂದೇ ಹಾಯಿ, ಒಂಬತ್ತೂವರೆ ಚದರ ಮೀಟರಿನದು. ಅಷ್ಟು ದೊಡ್ಡ ಹಾಯಿಯನ್ನು ಬಿರುಸಿನಲ್ಲಿ ಪಳಗಿಸುತ್ತಿದ್ದದ್ದು ಹಗ್ಗದ ಜಗ್ಗು ಮತ್ತು ಕಂಬದ ಬಾಗು, ಇವೆರಡೇ. ಅದು ವರ್ಷಗಟ್ಟಲೆ ಪಳಗಿದವರ ಕೆಲಸ. ರಜೆಯಲ್ಲಿ ಹದಿನೈದು ದಿನ ಕಲಿತವರು ಅನುಕರಿಸತಕ್ಕದ್ದಲ್ಲ.

ಅರಬ್ಬಿ ಸಮುದ್ರದ ಹಳೆಯ ನಾವಿಕರು ಈ ವಿಷಯದಲ್ಲಿ ಬಹಳ ಜಾಣರು. ಮುಮ್ಮೂಲೆಯ ಹಾಯಿಯ ಅವರ ಸರಕುನೌಕೆಗಳಲ್ಲಿ ಒಂದೇ ಹಾಯಿಯನ್ನು ಮಡಿಸಿ ಚಿಕ್ಕದು ಮಾಡುವ ಅನುಕೂಲ ಇರಲಿಲ್ಲ. ಅದಕ್ಕಾಗಿ ಅವರು ತಿಳಿಗಾಳಿಗೊಂದು ದೊಡ್ಡ ಹಾಯಿ, ಬಿರುಸಿಗೊಂದು ಚಿಕ್ಕ ಹಾಯಿ ಎಂದು ಬೇರೆಬೇರೆಯಾಗಿ ಒಯ್ಯುತ್ತಿದ್ದರು. ಮುಂಗಾರಿನ ಮೊದಲ ಗುಡುಗು ಕೇಳಿದ ಮೇಲಂತೂ ಕರಾವಳಿಯ ನೌಕೆಗಳು ದಡ ಹತ್ತಿದರೆ ನೂಲುಹುಣ್ಣಿಮೆಗೆ ಸಮುದ್ರಕ್ಕೆ ತೆಂಗಿನಕಾಯಿ ಅರ್ಪಿಸುವವರೆಗೂ ಇಳಿಯುತ್ತಿರಲಿಲ್ಲ.

ನೀರಿನ ಮೇಲೆ ಕಂಬ ಮುರಿದೇ ಹೋದರೆ? ಈಜು ಬಲ್ಲವನು ದಡ ಹತ್ತಿರವೇ ಕಾಣುತ್ತದೆಂದು ಹಲಗೆಯನ್ನು ಬಿಟ್ಟು ಈಜಲು ಹೊರಡುವುದುಂಟು. ಮಾಡಬಾರದ ಕೆಲಸವೆಂದರೆ ಅದೊಂದೇ. ಗಾಳಿ ದಡದಿಂದ ನೀರಿನ ಕಡೆಗೆ ಬೀಸುತ್ತಿದ್ದರೆ ಅಂಚಿನಲ್ಲಿ ನೀರು ಕನ್ನಡಿಯಂತೆ ಶಾಂತವಾಗಿ ಕಂಡು, ನೂರು ಮಾರು ಹೋದ ಮೇಲೆ ಅಲೆಗಳೇಳುತ್ತವೆ. ಅಲ್ಲಿ ಈಜುಗಾರನ ತೋಳು ಗಾಳಿಗೆ ಸಾಟಿಯಾಗದು. ಹಲಗೆ ಎಂದಿಗೂ ಮುಳುಗದು, ದೂರದಿಂದಲೂ ಕಾಣುತ್ತದೆ. ಮುರಿದ ಕಂಬವನ್ನೂ ಹಾಯಿಯನ್ನೂ ಕೀಲಿನಿಂದ ಕಳಚಿ, ಬೇಕಾದರೆ ಅವನ್ನು ನೀರಿಗೇ ಬಿಟ್ಟು, ಹಲಗೆಯ ಮೇಲೆ ಬೋರಲು ಮಲಗಿ ಕೈಯಿಂದ ಹುಟ್ಟುಹಾಕಬೇಕು. ಆಗದಿದ್ದರೆ ಹಲಗೆಯ ಮೇಲೆ ಕುಳಿತು ಎರಡು ಕೈಗಳನ್ನೂ ಮೇಲೆ ಕೆಳಗೆ ನಿಧಾನವಾಗಿ ಆಡಿಸುತ್ತಿರಬೇಕು. ಆ ಸನ್ನೆಗೆ ಎಲ್ಲ ದೇಶಗಳ ನೀರಿನಲ್ಲೂ ಒಂದೇ ಅರ್ಥ. ಹತ್ತಾರು ಸಾವಿರ ರೂಪಾಯಿಯ ಕಂಬವನ್ನು ನೀರಿಗೆ ಬಿಡುವುದೆಂತೆಂದು ಅನುಮಾನಿಸುವವರು, ಅದನ್ನು ದಡದಲ್ಲೇ ಸರಿಯಾಗಿ ಆರಿಸಿಕೊಳ್ಳಬೇಕಿತ್ತು.

ಆಟ ಮುಗಿದ ಮೇಲೆ ಬಿಚ್ಚುವುದಕ್ಕೂ ಒಂದು ಕ್ರಮವಿದೆ. ಮೊದಲು ಬೂಮಿನ ತುದಿಯ ಹಗ್ಗ, ಆಮೇಲೆ ಬುಡದ ಹಗ್ಗ. ಹಾಯಿಯನ್ನು ಸಿಹಿನೀರಿನಲ್ಲಿ ತೊಳೆದು ನೆರಳಿನಲ್ಲಿ ಆರಿಸಿ, ತುದಿಯಿಂದ ಬುಡಕ್ಕೆ ಚಾಪೆಯಂತೆ ಸುತ್ತಬೇಕು. ಮಡಿಸಿದರೆ ಗೆರೆ ಬಿದ್ದಲ್ಲಿ ಸೀಳುತ್ತದೆ. ಬಿಸಿಲಿಗೆ ಬಿಟ್ಟರೆ ಅದರ ಪಾರದರ್ಶಕ ಹಾಳೆ ಹಪ್ಪಳದಂತಾಗುತ್ತದೆ. ಕಂಬದ ತುಂಡುಗಳು ಅಂಟಿಕೊಂಡಿದ್ದರೆ ಸುತ್ತಿಗೆಯಿಂದ ಬಡಿಯಕೂಡದು. ಕೀಲಿನ ಮೇಲೆ ನೀರು ಸುರಿದು, ಇಬ್ಬರು ಎದುರುಬದುರು ಕುಳಿತು, ಅಂಗಾಲಿಗೆ ಅಂಗಾಲು ಕೊಟ್ಟು, ಹಗ್ಗ ಜಗ್ಗುವವರಂತೆ ನೇರಕ್ಕೆ ಎಳೆಯಬೇಕು. ಮೂರನೆಯ ಎಳೆತಕ್ಕೆ ಬಾರದಿದ್ದರೆ ಮೂರನೆಯವರೊಬ್ಬರನ್ನು ಕರೆಯುವುದೇ ಸರಿ.